ಮನೆಯನ್ನು ಹೊತ್ತು ಹೋಗುವವನ ದಾರಿ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಸಮೀಪದಲ್ಲಿ, ಎಕಂಬಾ ಎಂಬ ಗ್ರಾಮವಿದೆ. ಅಲ್ಲಿಂದ ಔರಾದ, ಸಂತಪುರಗಳ ಮೇಲೆ ಬೀದರಿಗೆ ಹೋಗುವವನು ಮಾಂಜ್ರಾ ನದಿಯನ್ನು ದಾಟಬೇಕು. ಬೀದರಿನಿಂದ ಹುಮನಾಬಾದಿಗೆ ಬಂದರೆ ಹೈದರಾಬಾದಿನಿಂದ ಪುಣೆಗೆ ಹೋಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿಯು ಸಿಕ್ಕುವುದು. ೫೦ನೆಯ ಹೆದ್ದಾರಿಯು ಕಲಬುರಗಿ, ವಿಜಯಪುರಗಳ ಮೇಲೆ ಚಿತ್ರದುರ್ಗದವರೆಗೆ ಸಾಗುವುದು. ಅಡಿಗೆಯ ಒಲೆ, ಹಾಸಿಗೆ, ಸ್ನಾನದ ಕೋಣೆಗಳನ್ನು ಒಳಗೊಂಡು, ಕ್ಯಾರವಾನ್ ಎಂದು ಈಚೆಗೆ ಕರೆಯಿಸಿಕೊಳ್ಳುವ ಮನೆಗಾಡಿಯಲ್ಲಿ ಹೊರಟ ಗೃಹಸ್ಥನಿಗೆ ಯೋಗ್ಯವಾದ ದಾರಿ ಯಾವುದು? ಇದು ನಕ್ಷೆಯ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರುವುದು. ವಿಚಾರಿಸಿದರೆ ಧರ್ಮದ ಪ್ರಶ್ನೆಯೂ ಅದರೊಳಗೆ ಅಡಗಿದೆ.

ಎರಡು ಸಾಲಿನ ಹೆದ್ದಾರಿಗೆ ವಿಧಿಸಿರುವ ಅಗಲ ೭ ಮೀಟರು. ಒಂಟಿ ಸಾಲಿನ ರಸ್ತೆಗೆ ೩.೭೫ ಮೀಟರು. ದೊಡ್ಡ ಮೋಟಾರುಗಾಡಿಯೋ ೨.೬ ಮೀಟರಿನವರೆಗೆ ಅಗಲವಿರಬಹುದು. ಹೆದ್ದಾರಿಯನ್ನು ಬಿಟ್ಟು ಎರೆಹೊಲಗಳ ನಡುವೆ ಹಳ್ಳಿಗೆ ಹೊರಳುವ ಕಿರುದಾರಿಯಲ್ಲಿ ಇಂತಹದೊಂದು ಮನೆಗಾಡಿಗೆ ತೊಗರಿಯ ಮೂಟೆಗಳನ್ನು ಹೇರಿಕೊಂಡ ಟ್ರ್ಯಾಕ್ಟರು ಎದುರಾಯಿತೆನ್ನಿ. ಒಬ್ಬರು ಬದಿಗೆ ಇಳಿಯಲೇಬೇಕು. ಮಳೆಗಾಲದ ಎರೆಮಣ್ಣು ಗಾಲಿಯನ್ನು ಹಿಡಿದರೆ ಬಿಡುವುದಲ್ಲ. ಇಳಿಯತಕ್ಕವರಾರು? ವ್ಯವಹಾರದಲ್ಲಿ ಇಳಿಯುವವನು ರೈತನೇ; ಏಕೆಂದರೆ ಮನೆಗಾಡಿಯು ದೊಡ್ಡದು, ಬೆಲೆಯುಳ್ಳದು, ಅದರ ಒಡೆಯನಿಗೆ ಆ ಮಣ್ಣಿನ ಗುಣವೂ ತಿಳಿಯದು.

ರಸ್ತೆಯು ಸಾರ್ವಜನಿಕವಾದುದು, ತೆರಿಗೆ ತೆತ್ತವರೆಲ್ಲರಿಗೂ ಸಮಾನವಾದ ಹಕ್ಕಿದೆಯೆಂದು ವಾದಿಸಬಹುದು. ಒಪ್ಪತಕ್ಕ ಮಾತೇ. ರಸ್ತೆಯ ಮೇಲೆಯೇ ರಾಶಿ ಒಣಗಿಸುವ ರೈತನ ರೂಢಿಯೂ ಮೆಚ್ಚತಕ್ಕದ್ದಲ್ಲ. ಆದರೆ ಹಕ್ಕು ಸಮಾನವಾದರೂ ಆಯ್ಕೆಯು ಸಮಾನವಾಗಿಲ್ಲ. ಪೇಟೆಗೆ ಕಾಳು ಸಾಗಿಸುವವನಿಗೆ ಇರುವುದು ಅದೊಂದೇ ದಾರಿ; ವಿಹಾರಕ್ಕೆ ಬಂದವನಿಗೆ ದಾರಿಗಳು ಹಲವು, ದಿನಗಳೂ ಹಲವು. ಆದುದರಿಂದ ಸುತ್ತಿ ಹೋಗುವ, ಕಾದು ಹೋಗುವ ಭಾರವು ಆಯ್ಕೆಯುಳ್ಳವನ ಮೇಲೆಯೇ ಬೀಳುವುದು ನ್ಯಾಯ. ಹದಿನೈದನೆಯ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವರ್ತಕ ನಿಕಿತಿನ್ ಮಳೆಯ ದಿನಗಳನ್ನು ಜುನ್ನರಿನಲ್ಲಿ ಕಳೆದು ಮುಂದಕ್ಕೆ ಹೊರಟನಷ್ಟೆ.

ಮನೆಮಾರನ್ನು ಜೊತೆಗೇ ನಡೆಯಿಸಿಕೊಂಡು ಹೋಗುವುದು ಈ ಸೀಮೆಗೆ ಹೊಸತೂ ಅಲ್ಲ. ಇಂದು ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗಳ ಪೂರ್ವಿಕರು ಹೇರೆತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೊತ್ತು, ಹುಲ್ಲು ನೀರು ನೋಡಿ ಬೀಡು ಬಿಡುತ್ತ ದಖ್ಖಣವನ್ನೆಲ್ಲ ತಿರುಗಿದರು. ಅವರು ಊರಿನ ನೀರನ್ನು ಬಳಸಿದರು, ಊರಿಗೆ ಉಪ್ಪನ್ನು ತಂದರು. ಮನೆಗಾಡಿಯು ತರುವುದೇನು? ತೊಟ್ಟಿಗೆ ನೀರು ತುಂಬಿಕೊಳ್ಳುವುದು, ಕೊಳೆನೀರನ್ನು ಎಲ್ಲಿಯೋ ಚೆಲ್ಲುವುದು. ಬೇಸಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಊರಿನ ಬದಿಯಲ್ಲಿ ಇದು ಸಣ್ಣ ಅಪರಾಧವಲ್ಲ. ಸ್ಥಾವರ ಜಂಗಮಗಳ ವಿವೇಚನೆ ನಡೆದ ಬಸವಕಲ್ಯಾಣವು ಇದೇ ಜಿಲ್ಲೆಯಲ್ಲಿದೆ; ಸ್ಥಾವರಕ್ಕೆ ಗಾಲಿ ಕಟ್ಟಿದ ಮಾತ್ರಕ್ಕೆ ಅದು ಜಂಗಮವಾಗುವುದೆ?

ಹಾಗಾದರೆ ಮನೆಗಾಡಿಯವನು ಹೆದ್ದಾರಿಯನ್ನು ಬಿಟ್ಟು ಕದಲಲೇಬಾರದೆ? ಅದೂ ಅತಿಯಾಯಿತು. ಹುಮನಾಬಾದಿನಿಂದ ಪುಣೆಯವರೆಗೆ ಪೆಟ್ರೋಲು ಬಂಕುಗಳನ್ನೇ ಎಣಿಸಿಕೊಂಡು ಹೋದವನು ದೇಶವನ್ನು ಕಂಡನೆನ್ನಲಾಗದು. ಅವನು ಮನೆಗಾಡಿಯನ್ನು ಬೀದರಿನಲ್ಲಿ ತಕ್ಕ ಸ್ಥಳದಲ್ಲಿ ನಿಲ್ಲಿಸಿ, ಔರಾದದ ಬಸ್ಸನ್ನು ಹತ್ತಿ, ಅಲ್ಲಿಂದ ಮುಂದೆ ಸಿಕ್ಕಿದ ವಾಹನದಲ್ಲಿ ಎಕಂಬಾಕ್ಕೆ ಹೋಗಬಹುದು. ಕುಡಿಯುವ ನೀರಿನ ತಂಬಿಗೆಯೊಂದು ಕೈಯಲ್ಲಿದ್ದರೆ ಸಾಕು.