ಪ್ರಹ್ಲಾದನೂ ನಮ್ಮ ಮನೆಯ ಮಗನೂ

ಕಳೆದ ವರ್ಷ ವೈಶಾಖ ಶುದ್ಧ ಚತುರ್ದಶಿಯಂದು, ಶ್ರೀನರಸಿಂಹ ಜಯಂತಿಯ ಅಂಗವಾಗಿ, ನಿಡಸೋಸಿಯಲ್ಲಿ ನಾವು ಪ್ರಹ್ಲಾದ ಚರಿತ್ರೆಯನ್ನು ಕುರಿತು ಪ್ರವಚನ ಮಾಡಿದೆವು. ಮಂಗಳಾರತಿಯಾದ ಬಳಿಕ ಹದಿನೈದು ವರ್ಷದ ಬಾಲಕನೊಬ್ಬನು ಎದ್ದು ನಿಂತು, "ಪ್ರಹ್ಲಾದ ಅಪ್ಪನ ಮಾತು ಕೇಳಲಿಲ್ಲ, ಅವನ್ನ ಹೊಗಳ್ತೀರಿ. ನಾವು ಕೇಳದಿದ್ರ ಬೈತೀರಿ. ಯಾವಾಗ ಕೇಳಬೇಕು, ಯಾವಾಗ ಬಿಡಬೇಕು ಅನ್ನೂದು ಹ್ಯಾಂಗ ತಿಳೀಬೇಕ್ರಿ?" ಎಂದು ಕೇಳಿದನು. ಸಭೆಯಲ್ಲಿ ನಗು ಎದ್ದಿತು. ಪಕ್ಕದಲ್ಲಿ ಕುಳಿತಿದ್ದ ಅವನ ತಂದೆಯವರ ಮುಖ ಕೆಂಪೇರಿತು. ನಾವಾದರೋ, "ಅಧಿಕಪ್ರಸಂಗ ಬೇಡ, ಕೂತುಕೊ" ಎಂದು ಗದರಿಬಿಟ್ಟೆವು. ಅವನು ಕುಳಿತನು. ಮರುವಾರದಿಂದ ನಮ್ಮ ಭಾನುವಾರದ ಸ್ತೋತ್ರಪಾಠಕ್ಕೆ ಬರಲಿಲ್ಲ.

ಉತ್ತರವು ತೋಚದಿದ್ದುದರಿಂದಲೇ ಗದರಿದೆವು ಎಂಬುದನ್ನು ಒಪ್ಪಿಕೊಳ್ಳಲು ನಮಗೆ ಮೂರು ತಿಂಗಳು ಹಿಡಿಯಿತು. ಆ ಬಳಿಕ ಶ್ರೀಮದ್ಭಾಗವತದ ಸಪ್ತಮ ಸ್ಕಂಧವನ್ನು ಮತ್ತೆ ತೆರೆದು ನೋಡಲಾಗಿ, ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರೂ ಗಮನಕ್ಕೆ ಬಾರದಿದ್ದ ಒಂದು ಸಂಗತಿ ಕಂಡಿತು. ಹಿರಣ್ಯಕಶಿಪು ಮೊದಲಿಗೇ ಖಡ್ಗ ಹಿಡಿದವನಲ್ಲ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೀನು ಕಲಿತುದರಲ್ಲಿ ಒಳ್ಳೆಯದಾವುದೆಂದು ಪ್ರೀತಿಯಿಂದಲೇ ಕೇಳುತ್ತಾನೆ. ಬಂದ ಉತ್ತರ ತನಗೆ ಒಗ್ಗದಿದ್ದಾಗ ಅವನಿಗೆ ಹೊಳೆಯುವ ಮೊದಲನೆಯ ವಿಚಾರವೆಂದರೆ, ಯಾರೋ ಪರರು ಈ ಕೂಸಿನ ಬುದ್ಧಿಯನ್ನು ಕೆಡಿಸಿದ್ದಾರೆ, ಗುರುಗೃಹದಲ್ಲಿ ಕಾವಲನ್ನು ಬಿಗಿಗೊಳಿಸಬೇಕು ಎಂಬುದು. ಎರಡನೆಯ ಸಲ ಅದೇ ಉತ್ತರ ಬಂದಾಗ ಗುರುವಿನ ಮೇಲೆಯೇ ಸಿಟ್ಟಾಗುತ್ತಾನೆ. ನಾನೂ ಕಲಿಸಲಿಲ್ಲ, ಬೇರೆಯವರೂ ಕಲಿಸಲಿಲ್ಲ, ಇದು ಇವನ ಸಹಜಬುದ್ಧಿ ಎಂದು ಆ ಗುರುಪುತ್ರನು ಹೇಳಿದರೂ ಅವನ ಕೋಪವು ತಣಿಯುವುದಿಲ್ಲ.

ಈ ಮಾತನ್ನು ನಾವು ಪ್ರತಿದಿನವೂ ಕೇಳುತ್ತಿಲ್ಲವೇ? ಗೆಳೆಯರು ಕೆಡಿಸಿದರು, ಸಿನಿಮಾ ಕೆಡಿಸಿತು, ಬೆಳಗಾವಿಯ ಹಾಸ್ಟೆಲು ಕೆಡಿಸಿತು, ಮೊಬೈಲು ಕೆಡಿಸಿತು. (೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ, ಪಾಠ ತಪ್ಪಬಾರದೆಂದು ಸಾಲ ಮಾಡಿಯಾದರೂ ಆ ಯಂತ್ರವನ್ನು ಅವರ ಕೈಗಿತ್ತವರು ನಾವೇ ಎಂಬುದು ಮರೆತುಹೋಗಿದೆ.) ಇವೆಲ್ಲ ಕೆಡಿಸುವುದಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಆದರೆ ಮಗನ ಬಾಯಿಂದ ಬಂದ ಭಿನ್ನವಾದ ಮಾತು ಅವನದೇ ಆಗಿರಬಹುದು ಎಂಬ ಸಂಭವವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮಾಧ್ವರಾದ ನಮಗಂತೂ ಈ ಮರೆವು ಶೋಭಿಸುವುದಿಲ್ಲ. ಪಂಚಭೇದಗಳಲ್ಲಿ ಜೀವ-ಜೀವರ ಭೇದವೂ ಒಂದೆಂದು ಬಾಲಪಾಠದಿಂದಲೇ ಒಪ್ಪಿದವರು ನಾವು. ಪ್ರತಿಯೊಂದು ಜೀವನ ಸ್ವಭಾವವೂ ಅನಾದಿಯಾದುದು, ಒಂದರಂತೆ ಮತ್ತೊಂದಿಲ್ಲ. ತಂದೆತಾಯಿಗಳು ಕೊಡುವುದು ದೇಹವನ್ನು, ಸಂಸ್ಕಾರವನ್ನು; ಜೀವನ ಸ್ವಭಾವವನ್ನಲ್ಲ. ಇದನ್ನು ಸಭೆಯಲ್ಲಿ ಉಪನ್ಯಾಸ ಮಾಡುವ ನಾವೇ ಮನೆಗೆ ಹೋಗಿ, "ನನ್ನ ಹೊಟ್ಟೆಯಲ್ಲಿ ಹುಟ್ಟಿ ಹೀಗೇಕಾದ?" ಎಂದು ಆಶ್ಚರ್ಯಪಡುತ್ತೇವೆ.

ಹಿಂದಿನ ಕಾಲದಲ್ಲಿ ಈ ಘರ್ಷಣೆಯು ಇಷ್ಟು ದೀರ್ಘವಾಗಿರಲಿಲ್ಲ. ಹದಿನೈದಕ್ಕೆ ಹುಡುಗನು ತಂದೆಯೊಡನೆ ಗರ್ಭಗುಡಿಗೋ ಹೊಲಕ್ಕೋ ಹೋಗುತ್ತಿದ್ದನು. ತಂದೆಯ ವಿದ್ಯೆಯೇ ಅವನ ವಿದ್ಯೆ. ಇಂದು ಇಪ್ಪತ್ತೆರಡರವರೆಗೂ ಓದು, ಅಲ್ಲಿಯವರೆಗೂ ತಂದೆಯ ಅನ್ನ; ಕಲಿಯುವುದೋ ತಂದೆಗೆ ತಿಳಿಯದ ವಿಷಯ. ೧೯೯೬ರಲ್ಲಿ ನಮ್ಮ ನಿಡಸೋಸಿಯಲ್ಲಿಯೇ ಇಂಜಿನಿಯರಿಂಗ್ ಕಾಲೇಜು ಆರಂಭವಾದುದರಿಂದ ಸುತ್ತಲಿನ ಊರುಗಳ ಮಕ್ಕಳಿಗೆ ಮಹೋಪಕಾರವಾಗಿದೆ. ಜೊತೆಗೆ, ಮಗನಿಗೆ ಮನಸ್ಸಿರಲಿ ಬಿಡಲಿ, ಇಂಜಿನಿಯರನೇ ಆಗಬೇಕೆಂಬ ಹಠವೂ ಅನೇಕ ಮನೆಗಳಲ್ಲಿ ಬೆಳೆದಿದೆ. ೧೯೮೮ರ ೬೧ನೆಯ ತಿದ್ದುಪಡಿಯು ಮತದಾನದ ವಯಸ್ಸನ್ನು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಸಿತು. ದೇಶವನ್ನು ಯಾರು ಆಳಬೇಕೆಂದು ಕೇಳಿಸಿಕೊಳ್ಳುವ ಹುಡುಗನನ್ನು, ನೀನು ಏನು ಓದುವೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಮನೆಯದನ್ನೂ ಹೇಳಬೇಕು. ಪಾಠಶಾಲೆಯನ್ನು ಮುಗಿಸಿದ ನಾವು ಬಿ.ಎ. ಓದುವೆವೆಂದಾಗ ತೀರ್ಥರೂಪರು ಒಂದು ಚಾತುರ್ಮಾಸ್ಯವಿಡೀ ನಮ್ಮೊಡನೆ ಮಾತನಾಡಲಿಲ್ಲ. ಅಭಿಷೇಕದ ನೀರನ್ನು ತಂದಿಟ್ಟರೆ ಮುಖ ನೋಡದೆ ತೆಗೆದುಕೊಳ್ಳುತ್ತಿದ್ದರು. ಅದನ್ನು ನಾವು ದರ್ಪವೆಂದು ಭಾವಿಸಿದೆವು. ಪದವಿಯ ಫಲಿತಾಂಶ ಬಂದ ದಿನ ಅವರು ಕೇಳಿದ ಒಂದೇ ಪ್ರಶ್ನೆ, "ನಾಳೆ ಪೂಜೆಗೆ ಬರುತ್ತೀಯಷ್ಟೆ?" ಎಂಬುದು. ಅವರನ್ನು ಅಷ್ಟು ದಿನ ಕಾಡಿದ್ದು ಭಯ. ತಮ್ಮ ಅನಂತರ ದೇವರ ಮುಂದೆ ದೀಪ ಹಚ್ಚುವವರಾರು ಎಂಬ ಭಯ. ಅದನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಭಯಗೊಂಡ ತಂದೆಯೆಂದರೆ ಪಾಜಕದ ಮಧ್ಯಗೇಹ ಭಟ್ಟರು ನೆನಪಾಗುತ್ತಾರೆ. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು, ಹನ್ನೆರಡು ವರ್ಷ ಉಡುಪಿಯ ಅನಂತಾಸನ ದೇವರ ಸೇವೆ ಮಾಡಿ ಪಡೆದ ಮಗನು ವಾಸುದೇವ. ಪುರಾಣ ಹೇಳುವಾಗ ತಂದೆಯು ಲಿಕುಚವೆಂಬ ಮರದ ಹೆಸರಿಗೆ ಅರ್ಥ ಹೇಳದೆ ಮುಂದೆ ಸಾಗಿದಾಗ, ತುಂಬಿದ ಸಭೆಯಲ್ಲಿಯೇ ಅದನ್ನು ಎತ್ತಿ ಕೇಳಿದ ಮಗನವನು. ತಂದೆಯು ಗದರಲಿಲ್ಲ. (ಇಲ್ಲಿ ನಮಗೆ ನಮ್ಮದೇ ಸಭೆ ನೆನಪಾಗಿ ನಾಚಿಕೆಯಾಗುತ್ತದೆ.) ಆದರೆ ಅದೇ ಮಗನು ಸನ್ಯಾಸಕ್ಕೆ ಹೊರಟಾಗ ಆ ತಂದೆ ಸುಲಭವಾಗಿ ಒಪ್ಪಲಿಲ್ಲ, ಬೆನ್ನಟ್ಟಿ ಹೋದರು, ಬೇಡಿಕೊಂಡರು, ಕೊನೆಗೆ ನಮಸ್ಕಾರವನ್ನೇ ಮಾಡಿದರು. ಶ್ರೀನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಈ ಪ್ರಸಂಗವನ್ನು ಮರೆಮಾಚದೆ ವಿಸ್ತರಿಸಿದ್ದಾರೆ. ವಾಯುದೇವರ ಅವತಾರವೇ ಆದ ಆ ಬಾಲಕನು ತಂದೆಯ ಕಣ್ಣೀರನ್ನು ಧಿಕ್ಕರಿಸಿ ನಡೆದುಬಿಡಲಿಲ್ಲ. ವಂಶವನ್ನು ಕಾಯುವ ತಮ್ಮನೊಬ್ಬನು ಹುಟ್ಟುವವರೆಗೆ ತಡೆದನು. ತಾಯಿಯ ಒಪ್ಪಿಗೆಯನ್ನೂ ಪಡೆದನು. ತನ್ನ ನಿಶ್ಚಯವನ್ನು ಎಳ್ಳಷ್ಟೂ ಸಡಿಲಿಸಲಿಲ್ಲ, ಕಾಯುವುದನ್ನೂ ಬಿಡಲಿಲ್ಲ.

ಬಾಲಕನ ಪ್ರಶ್ನೆಗೆ ನಮಗೆ ಅರ್ಧ ಉತ್ತರ ದೊರೆತದ್ದು ಇಲ್ಲಿ. ಹಿರಿಯರನ್ನು ಮೀರುವವನು ಅವರ ಭಯವನ್ನು ತನ್ನದೆಂದು ಹೊರಬಲ್ಲನೇ, ಅವರ ಹಿತವನ್ನು ಬಯಸಬಲ್ಲನೇ ಎಂದು ನೋಡಬೇಕು. ಪ್ರಹ್ಲಾದನೂ ಹಾಗೆಯೇ, ಶ್ರೀನರಸಿಂಹನು ವರ ಕೊಡಲು ಬಂದಾಗ, ತನ್ನನ್ನು ಕೊಲ್ಲಿಸಹೊರಟ ತಂದೆಯ ಪಾಪವು ಕಳೆಯಲಿ ಎಂದು ಬೇಡಿದನು. ಸಂಧ್ಯಾವಂದನೆ ಬೇಸರವೆಂದು ಅಪ್ಪನನ್ನು ಧಿಕ್ಕರಿಸುವವನು ಪ್ರಹ್ಲಾದನ ಹೆಸರು ಹೇಳುವಂತಿಲ್ಲ. ಹಾಗೆಂದು, ಮಗನ ಮೇಲೆ ತಾನೇ ಸ್ವತಂತ್ರನೆಂದು ನಡೆಯುವ ತಂದೆಯು ಯಾರ ಸಾಲಿಗೆ ಸೇರುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ, ಸ್ವತಂತ್ರನು ಶ್ರೀಹರಿಯೊಬ್ಬನೇ.

ಇಷ್ಟನ್ನು ಹೊಂದಿಸಿಕೊಂಡು ಕಾರ್ತಿಕ ಮಾಸದಲ್ಲಿ ಆ ಬಾಲಕನ ಮನೆಗೆ ಹೋದೆವು. ಗದರಿದ್ದು ತಪ್ಪಾಯಿತೆಂದು ಮೊದಲು ಅವನಿಗೆ ಹೇಳಿದೆವು. ಅವನ ತಾಯಿಯವರು ಸಂಕೋಚದಿಂದ ಒಳಗೆ ಸರಿದರು. ನಾವು ಹೇಳಿದ್ದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು ಹುಡುಗನು, "ಆದ್ರ ಆಚಾರ್ಯರ, ತಾನು ಹೇಳೂದ ಖರೆ ಅಂತ ಪ್ರಹ್ಲಾದಗ ಹ್ಯಾಂಗ ಗೊತ್ತಾತ್ರಿ?" ಎಂದನು. ತಾಯಿಯ ಗರ್ಭದಲ್ಲಿದ್ದಾಗಲೇ ನಾರದರಿಂದ ಕೇಳಿದ್ದನು ಎಂದೆವು.

"ನಮಗ ಹಂಗ ಯಾರೂ ಕೂತು ಹೇಳಿಲ್ಲಲ್ರಿ" ಎಂದನು.

ಬರುವ ನರಸಿಂಹ ಜಯಂತಿಯಂದು ಪ್ರವಚನವನ್ನು ಅರ್ಧ ತಾಸು ಮೊದಲೇ ಮುಗಿಸಿ, ಉಳಿದ ಕಾಲವನ್ನು ಮಕ್ಕಳ ಪ್ರಶ್ನೆಗಳಿಗೆ ಬಿಡಬೇಕೆಂದು ದೇವಸ್ಥಾನದ ಹಿರಿಯರಲ್ಲಿ ವಿಜ್ಞಾಪಿಸಿಕೊಂಡಿದ್ದೇವೆ. ಆ ಹುಡುಗನೂ ಬರುವೆನೆಂದಿದ್ದಾನೆ. ಅವನ ತಂದೆಯವರು ಇನ್ನೂ ಏನೂ ಹೇಳಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥