ಪ್ರಜ್ಞಾಪರಾಧವೂ ಊಟದ ಎಲೆಯೂ

ಕೆಲವು ತಿಂಗಳ ಹಿಂದೆ ಮೈಲಾಪೂರಿನ ಸಭೆಯೊಂದರಲ್ಲಿ ಗೀತೆಯ ಆರನೆಯ ಅಧ್ಯಾಯವನ್ನು ಕುರಿತು ಮಾತನಾಡುವ ಅವಕಾಶ ನಮಗೆ ಒದಗಿತ್ತು. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವು ಸಿದ್ಧಿಸದೆಂಬ ಭಗವಂತನ ಉಪದೇಶವನ್ನು ಅರ್ಧ ಗಂಟೆ ವಿವರಿಸಿದೆವು. ಅನಂತರ ಪಂಕ್ತಿಯಲ್ಲಿ ಕುಳಿತು, ಹಲವು ವರ್ಷಗಳಿಂದ ಮಧುಮೇಹವುಳ್ಳ ನಾವು, ಮೂರು ಬಾರಿ ಅನ್ನವನ್ನೂ ಎರಡು ಹೋಳಿಗೆಗಳನ್ನೂ ಪಾಯಸವನ್ನೂ ಉಂಡೆವು. ಮನೆಗೆ ಬಂದಾಗ ಮೊಮ್ಮಗಳು, “ತಾತ, ನೀವು ಹೇಳಿದ ಶ್ಲೋಕ ಊಟಕ್ಕೆ ಮೊದಲಿನದೋ, ಊಟವಾದ ಮೇಲಿನದೋ?” ಎಂದು ಕೇಳಿದಳು. ನಮಗೆ ಉತ್ತರ ಹೊಳೆಯಲಿಲ್ಲ.

ತಿಳಿವಳಿಕೆಯಿದ್ದೂ ತಪ್ಪುವುದೇಕೆ? ಚರಕಸಂಹಿತೆಯು ರೋಗಗಳ ಮೂಲವನ್ನು ಹೇಳುವಾಗ ‘ಪ್ರಜ್ಞಾಪರಾಧ’ವೆಂಬ ಪದವನ್ನು ಬಳಸುತ್ತದೆ. ಧೀ, ಧೃತಿ, ಸ್ಮೃತಿ ಈ ಮೂರರಲ್ಲಿ ಯಾವುದು ಜಾರಿದರೂ ಮನುಷ್ಯನು ತನಗೆ ತಾನೇ ಅಹಿತವನ್ನು ಮಾಡಿಕೊಳ್ಳುತ್ತಾನೆಂಬುದು ಅದರ ತಾತ್ಪರ್ಯ.

ಧೀ ಎಂದರೆ ಹಿತಾಹಿತಗಳ ಅರಿವು. 2001ರಲ್ಲಿ ಆರಂಭವಾದ, ಡಾ. ವಿ. ಮೋಹನ್ ಅವರ ತಂಡದ ಸಮೀಕ್ಷೆಯು ಚೆನ್ನೈ ನಗರದ 26,001 ಮಂದಿಯನ್ನು ವಿಚಾರಿಸಿತು. ಮುಕ್ಕಾಲು ಪಾಲು ಜನರು ಮಧುಮೇಹದ ಹೆಸರನ್ನು ಬಲ್ಲವರಾಗಿದ್ದರು. ಅದನ್ನು ತಡೆಯಬಹುದೆಂದು ಬಲ್ಲವರು ನೂರಕ್ಕೆ 22 ಮಂದಿ ಮಾತ್ರ. ಅದೇ ತಂಡದ ಮುಂದಿನ ಅಧ್ಯಯನಗಳು, ಈ ನಗರದವರ ಆಹಾರದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಪಾಲಿಷ್ ಮಾಡಿದ ಅಕ್ಕಿಯೇ ಮೊದಲಾದ ನಯಗೊಳಿಸಿದ ಧಾನ್ಯಗಳಿಂದ ಬರುವುದೆಂದೂ, ಅವನ್ನು ಹೆಚ್ಚು ಉಣ್ಣುವವರಲ್ಲಿ ಈ ರೋಗವು ಹೆಚ್ಚೆಂದೂ 2009ರಲ್ಲಿ ತೋರಿಸಿದವು. ನಾವಾದರೋ ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಟ್ಟ ಮಾತ್ರಕ್ಕೆ ನಮ್ಮ ಊಟ ನಿರ್ದೋಷವೆಂದು ನಂಬಿದ್ದೇವೆ. ಬೆಳಿಗ್ಗೆಯ ಇಡ್ಲಿ, ಮಧ್ಯಾಹ್ನದ ಹುಳಿಯನ್ನ, ಸಾರನ್ನ, ಮೊಸರನ್ನ, ರಾತ್ರಿಯ ದೋಸೆ — ಇವು ಒಂದೇ ಅಕ್ಕಿಯ ಐದು ಹೆಸರುಗಳಲ್ಲವೇ?

ಧೃತಿಯೆಂದರೆ ಅರಿತದ್ದರಲ್ಲಿ ನಿಲ್ಲುವ ಬಲ. ಧರ್ಮವನ್ನು ಅರಿತೂ ಅದರಲ್ಲಿ ನಡೆಯಲಾರದ ದುರ್ಯೋಧನನ ಕಥೆ ನಮಗೆಲ್ಲ ಗೊತ್ತು. ಹೋಳಿಗೆಯ ಮುಂದೆ ನಾವೂ ಅವನ ಬಂಧುಗಳೇ.

ಆದರೆ ನಮ್ಮನ್ನು ಹೆಚ್ಚು ಕೆಡಿಸುವುದು ಸ್ಮೃತಿಯ ಲೋಪವೆಂದು ತೋರುತ್ತದೆ. ರೈಲ್ವೆಯಲ್ಲಿ ಸಿಗ್ನಲ್ ಕಂಡೊಡನೆ ಚಾಲಕನೂ ಸಹಚಾಲಕನೂ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕೆಂಬ ನಿಯಮವಿದೆ. ಕೆಂಪೆಂದರೆ ನಿಲ್ಲಬೇಕೆಂಬುದು ಅವರಿಗೆ ತಿಳಿಯದೆಂದಲ್ಲ. ತಿಳಿದದ್ದು ಆ ಕ್ಷಣದಲ್ಲಿ ಎಚ್ಚರವಾಗಿರಬೇಕೆಂದು. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು 2013ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಸಾರುತ್ತದೆ. ಮಧುಮೇಹದ ಅಂಚಿನಲ್ಲಿದ್ದ 537 ಪುರುಷರಿಗೆ ಮೊದಲು ಪಥ್ಯ, ವ್ಯಾಯಾಮಗಳ ಉಪದೇಶವಾಯಿತು. ಅವರಲ್ಲಿ ಸುಮಾರು ಅರ್ಧ ಮಂದಿಗೆ ಆಗಾಗ ಮೊಬೈಲಿನಲ್ಲಿ ಸಂದೇಶ ಕಳುಹಿಸಿ ನೆನಪು ಮಾಡಲಾಯಿತು. ಎರಡು ವರ್ಷಗಳಲ್ಲಿ ಬರಿಯ ಉಪದೇಶ ಪಡೆದವರಲ್ಲಿ ನೂರಕ್ಕೆ 27 ಮಂದಿಗೆ ರೋಗ ಬಂದರೆ, ನೆನಪಿಸಲ್ಪಟ್ಟವರಲ್ಲಿ 18 ಮಂದಿಗೆ ಮಾತ್ರ ಬಂದಿತು.

ನಮ್ಮ ಹಿರಿಯರು ಏಕಾದಶಿಯನ್ನೂ ಚಾತುರ್ಮಾಸ್ಯದ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳನ್ನೂ ವಿಧಿಸಿದ್ದು ಶ್ರೀಹರಿಯ ಪ್ರೀತಿಗಾಗಿ. ಅವನ್ನು ತೂಕ ಇಳಿಸುವ ಉಪಾಯವೆನ್ನುವುದು ತಪ್ಪು. ಆದರೂ ಅವು ಕಲಿಸುವ ಒಂದು ಪಾಠವಿದೆ: ಸಂಯಮವನ್ನು ಎಲೆಯ ಮುಂದೆ ಕುಳಿತು ನಿರ್ಣಯಿಸಬಾರದು, ಮೊದಲೇ ನಿರ್ಣಯಿಸಿರಬೇಕು. (ಮಾತ್ರೆ, ಇನ್ಸುಲಿನ್‌ಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ದ್ವಾದಶಿಯ ಪಾರಣೆಯಲ್ಲಿ ಎರಡು ದಿನದ ಊಟವನ್ನು ಒಮ್ಮೆಗೇ ಮಾಡುವುದೂ ಸಲ್ಲದು.)

‘ಪ್ರಸಾದವನ್ನು ಬೇಡವೆನ್ನಬಹುದೇ?’ ಎಂದು ಕೆಲವರು ಕೇಳಿಯಾರು. ಉದ್ಧರಣೆಯಷ್ಟು ತೀರ್ಥದಿಂದ ಕೃತಾರ್ಥರಾಗುವ ನಾವು ಕೊಡ ತೀರ್ಥವನ್ನು ಕುಡಿಯುವುದಿಲ್ಲ. ಪ್ರಸಾದದ ಮಹಿಮೆ ಅದರ ಪ್ರಮಾಣದಲ್ಲಿಲ್ಲ. ಸ್ವಲ್ಪವನ್ನು ಭಕ್ತಿಯಿಂದ ಸ್ವೀಕರಿಸುವುದೇ ಗೌರವ. ಬಡಿಸಿಕೊಂಡು ಎಲೆಯಲ್ಲಿ ಬಿಡುವುದು ಅಪಚಾರ. ಬಡಿಸುವವರೂ ಯೋಚಿಸಬೇಕು. ‘ಇನ್ನೊಂದು, ನಮಗೋಸ್ಕರ’ ಎಂದು ರೋಗಿಯನ್ನು ಬಲವಂತಪಡಿಸುವ ಪ್ರೀತಿಯು ಪ್ರೀತಿಯೇ ಆದರೂ ಅದರ ಫಲದಲ್ಲಿ ಅವರಿಗೂ ಪಾಲಿದೆ.

ಮೊಮ್ಮಗಳ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆವು. ಆ ಶ್ಲೋಕವು ಊಟದ ಮೊದಲಿನದೂ ಅಲ್ಲ, ಅನಂತರದ್ದೂ ಅಲ್ಲ. ಸೌಟು ಎಲೆಯ ಮೇಲೆ ಬಂದು ನಿಂತ ಗಳಿಗೆಯದು. ಅಂದಿನಿಂದ ಮನೆಯಲ್ಲಿ ಎರಡನೆಯ ಸಲ ಅನ್ನ ಬಂದಾಗ ಅವಳು “ತಾತ, ಕೆಂಪು” ಎನ್ನುತ್ತಾಳೆ. ನಾವೂ “ಕೆಂಪು” ಎಂದು ಮರುನುಡಿದು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಕೆಲವು ದಿನ ಮರೆಯುತ್ತೇವೆ, ಅವಳು ಮರೆಯುವುದಿಲ್ಲ.

ಒಳಗಿದ್ದು ಅನ್ನವನ್ನು ಪಚನಗೊಳಿಸುವ ವೈಶ್ವಾನರರೂಪಿ ಭಗವಂತನು ನಮ್ಮೆಲ್ಲರಿಗೂ ಅರಿವಿನೊಂದಿಗೆ ಧೃತಿಯನ್ನೂ ಸ್ಮೃತಿಯನ್ನೂ ಅನುಗ್ರಹಿಸಲಿ.