ಯಾರದೆಂದು ಹೇಳಲಿ?

ನಮ್ಮ ಗೌರಸಮುದ್ರದ ಮಾರಮ್ಮನ ಜಾತ್ರೆ ಬಂತೆಂದರೆ ನೆಂಟರ ಅಡುಗೆಗೆ ನಾಲ್ಕು ಮನೆಯ ಪಾತ್ರೆಗಳು ಒಂದೇ ಅಂಗಳದಲ್ಲಿ ಸೇರುತ್ತವೆ. ಕೊರೆಸಿದ ಹೆಸರು ಸವೆದಿದ್ದರೂ ಕಂಠದ ಬಾಗು, ತಳದ ನೆಗ್ಗು ನೋಡಿ "ಇದು ನಮ್ಮದು" ಎಂದು ಎತ್ತಿಕೊಳ್ಳುತ್ತೇವೆ. ಯುದ್ಧದಲ್ಲಿ ಬಿದ್ದ ವಿಮಾನಗಳನ್ನು ಹಳೆಯ ಫೋಟೋ ನೋಡಿ ಗುರುತಿಸುವವರ ಕೆಲಸವೂ ಹೆಚ್ಚುಕಡಿಮೆ ಇದೇ.

2019ರ ಸೆಪ್ಟೆಂಬರಿನಲ್ಲಿ ನಮ್ಮ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ವಿಮಾನವೊಂದು ಬಿತ್ತು. ಚೂರುಗಳ ಫೋಟೋ ಕಂಡ ಕೂಡಲೇ "ಒಳಗೆ ಯಾರಿದ್ದರು?" ಎಂದು ಕೇಳಿದೆ. ಚಳ್ಳಕೆರೆಯ ಪರೀಕ್ಷಾ ಕೇಂದ್ರದಿಂದ ಹಾರಿದ್ದ, ಚಾಲಕನೇ ಇಲ್ಲದ ವಿಮಾನವಂತೆ. ಉಸಿರು ಬಿಟ್ಟೆ. ಯುದ್ಧಕಾಲದ ಫೋಟೋಗಳಲ್ಲಿ ಆ ನೆಮ್ಮದಿ ಇಲ್ಲ.

ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಆದರೆ ರೆಕ್ಕೆ ಎಲೆಯಂತೆ ಬಾಗಿ ಕಿರಿದಾಗುತ್ತದೆ. ಹರಿಕೇನ್ ಆದರೆ ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಅದು ಸುಟ್ಟರೆ ಕೊಳವೆಗಳ ಹಂದರ ಕಾಣುತ್ತದೆ. ವಿಮಾನದ ಜಾತಿ ಹೇಳಲು ಇಷ್ಟು ಸಾಕು. ಒಳಗಿದ್ದವನು ಯಾರೆನ್ನಲು ಮೈಮೇಲಿನ ಸಂಖ್ಯೆ ಬೇಕು, ಆ ದಿನದ ಹಾರಾಟದ ದಾಖಲೆ ಬೇಕು. ಸಂಖ್ಯೆ ಮಸುಕಾಗಿದ್ದರೆ? 3 ಇರಬಹುದು, 8 ಇರಬಹುದು. ಎಲ್ಲೋ ಒಬ್ಬಳು ಕಾಯುತ್ತಿದ್ದಾಳೆ. "ನಿಮ್ಮವರದೇ" ಎಂದುಬಿಟ್ಟರೆ ಅತ್ತು ಹಗುರಾಗುತ್ತಾಳಲ್ಲ, ತಪ್ಪೇನು ಎನ್ನುವವರುಂಟು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಅವರ ಕೊನೆಯ ಕಾಳಗವನ್ನು ಜೊತೆಯವರು ಕಾಣಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ, ಆ ದಿನ ಒಂದು ಮಿಸ್ಟೇರ್ ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಕೆಡವಿದ್ದು ತಿಳಿಯಿತು. ಆ ದಾಳಿಯಿಂದ ಮರಳದ ಮಿಸ್ಟೇರ್ ಅವರದೊಂದೇ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ಮೂರು ವರ್ಷ! ಮನೆಯಲ್ಲಿ ಕಾದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಆದರೂ ಆ ಗೌರವ ಊಹೆಯ ಮೇಲೆ ನಿಂತದ್ದಲ್ಲ.

ಕರುಣೆಯಿಂದಲೇ ಆದರೂ ಊಹಿಸಿ ಹೆಸರು ಹಚ್ಚಿದರೆ ಒಬ್ಬಳ ಗಂಡನನ್ನು ಇನ್ನೊಬ್ಬಳ ಮನೆಗೆ ಒಪ್ಪಿಸಿದಂತಾಗುತ್ತದೆ. ಆಮೇಲೆ ನಿಜವಾದವನನ್ನು ಅಲ್ಲಿ ಯಾರೂ ಹುಡುಕುವುದಿಲ್ಲ. ಮಸುಕಾದ ಫೋಟೋದ ಕೆಳಗೆ "ಹರಿಕೇನ್, ಚಾಲಕ ಯಾರೆಂದು ತಿಳಿದಿಲ್ಲ" ಎಂದಷ್ಟೇ ಬರೆದಿಡುವವರನ್ನು ಕಲ್ಲೆದೆಯವರೆಂದು ನಾನು ಬೈಯಲಾರೆ. ಆ ಇನ್ನೊಬ್ಬಳೂ ಒಂದು ದಿನ ಈ ಫೋಟೋ ನೋಡಿಯಾಳು.